ಅಪ್ಪ ವೀಲ್‌ಚೇರಿನಲ್ಲಿ ಕೂತ ಭಾನುವಾರ

ನಮ್ಮ ಮನೆಯ ಅಡುಗೆಮನೆ ಹೊಸ್ತಿಲಿನಿಂದ ಪಡಸಾಲೆಯಲ್ಲಿ ಹಾಸುವ ಜಮಖಾನಕ್ಕೆ ಏಳು ಹೆಜ್ಜೆ. ಆ ಏಳು ಹೆಜ್ಜೆಯಲ್ಲಿ ನನ್ನ ಮದುವೆ ಎರಡು ಸಲ ಮುರಿದುಬಿದ್ದಿದೆ. ನನ್ನ ಎಡಗಾಲು ಬಲಗಾಲಿಗಿಂತ ಎರಡು ಬೆರಳು ಗಿಡ್ಡ. ಹುಟ್ಟುವಾಗಲೇ ಸೊಂಟದ ಕೀಲು ಜಾರಿತ್ತಂತೆ. ಅದು ಗೊತ್ತಾಗುವ ಹೊತ್ತಿಗೆ ನನಗೆ ಎರಡೂವರೆ ವರ್ಷ; ಅಲ್ಲಿಯವರೆಗೆ ‘ಮಗು ಗುಂಡಗಿದೆ, ನಿಧಾನಕ್ಕೆ ನಡೆಯುತ್ತೆ ಬಿಡಿ’ ಎಂದು ಊರೆಲ್ಲ ಸಮಾಧಾನ ಹೇಳಿತ್ತು. ಮಾಗಡಿಯಲ್ಲಿ ಚಪ್ಪಲಿ ಹೊಲಿಯುವವರೊಬ್ಬರು ನನ್ನ ಎಡಗಾಲಿನ ಚಪ್ಪಲಿಗೆ ದಪ್ಪ ಅಟ್ಟೆ ಕೂರಿಸಿ ಕೊಡುತ್ತಾರೆ. ಅದನ್ನು ಹಾಕಿಕೊಂಡರೆ ಕುಂಟು ಅರ್ಧ ಮುಚ್ಚಿಹೋಗುತ್ತದೆ. ಆದರೆ ಹೆಣ್ಣು ನೋಡಲು ಬಂದವರ ಮುಂದೆ ಮನೆಯೊಳಗೇ ಚಪ್ಪಲಿ ಮೆಟ್ಟಿಕೊಂಡು ಕಾಫಿ ತಟ್ಟೆ ಹಿಡಿದು ಬರುವುದಕ್ಕಾಗುತ್ತದೆಯೇ?

ಕುದೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅಪ್ಪನ ಹಿಟ್ಟಿನ ಮಿಲ್ಲಿದೆ. ಬಿ.ಎ. ಮುಗಿದಾಗಿನಿಂದ ನಾನು ಅಲ್ಲಿ ತಕ್ಕಡಿಯ ಮುಂದೆ ಸ್ಟೂಲಿನ ಮೇಲೆ ಕೂತು, ಬಂದವರ ಡಬ್ಬಿಗಳನ್ನು ತೂಗಿ ಚೀಟಿ ಅಂಟಿಸುತ್ತೇನೆ. ಕೂತವಳ ಕಾಲು ಯಾರಿಗೂ ಕಾಣುವುದಿಲ್ಲ. ಬೇರೆ ಊರಿನಿಂದ ಬಂದ ಹೆಂಗಸರು ‘ಹುಡುಗಿ ಲಕ್ಷಣವಾಗವ್ಳೆ, ಎಲ್ಲಾದ್ರೂ ನೋಡ್ತಿದ್ದೀರಾ’ ಎಂದು ಅವ್ವನನ್ನು ವಿಚಾರಿಸುತ್ತಾರೆ. ನಾನು ಎದ್ದು ನಾಲ್ಕು ಹೆಜ್ಜೆ ಹಾಕಿದ ಮೇಲೆ ಅವರಿಗೆ ಬಸ್ಸಿಗೆ ಹೊತ್ತಾಗುತ್ತದೆ. ಇಷ್ಟು ವರ್ಷದಲ್ಲಿ ಇದು ನನಗೆ ನಗು ಬರಿಸುವಷ್ಟು ಹಳೆಯದಾಗಿದೆ.

ಮೂರನೆಯ ಸಂಬಂಧ ತಂದವರು ನಮ್ಮ ಅಯ್ನೋರು, ಮನೆಯಲ್ಲಿ ಪೂಜೆ ಮಾಡಿಸುವ ಜಂಗಮರು. ತಿಪ್ಪಸಂದ್ರದಿಂದ ಕೋಡಿಹಳ್ಳಿಯವರೆಗೆ ಯಾರ ಮನೆಯಲ್ಲಿ ಯಾರು ಮದುವೆಯಾಗದೆ ಉಳಿದಿದ್ದಾರೆ ಎಂಬುದು ಅವರ ನಾಲಗೆಯ ತುದಿಯಲ್ಲಿರುತ್ತದೆ. ಗಂಡು ಕನಕಪುರದ ಆಚೆ, ಕೋಡಿಹಳ್ಳಿ ಹತ್ತಿರದವರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಮೂವತ್ತೇಳು ವರ್ಷ. ಇಷ್ಟು ದಿನ ಯಾಕೆ ಮದುವೆಯಾಗಲಿಲ್ಲವೆಂದರೆ, ಅವರ ತಂದೆ ಲಕ್ವ ಹೊಡೆದು ಎಂಟು ವರ್ಷ ಹಾಸಿಗೆಯಲ್ಲಿ, ಗಾಲಿಕುರ್ಚಿಯಲ್ಲಿ ಕಳೆದರು. ಹಿಂದಿನ ವರ್ಷ ತೀರಿಕೊಂಡರು. ಈಗ ಮನೆಯಲ್ಲಿ ತಾಯಿ, ಮಗ ಇಬ್ಬರೇ.

“ಕಾಲಿನ ವಿಚಾರ ಹೇಳಿದ್ದೀರಾ ಬುದ್ದಿ?” ಎಂದು ಅಪ್ಪ ಕೇಳಿದರು.

“ಹೇಳಿಲ್ಲ ಕಣಪ್ಪ. ಹೇಳಿದ್ರೆ ಫೋಟೋನೂ ನೋಡಕ್ಕಿಲ್ಲ. ಮೊದ್ಲು ಎರಡು ಮನಸು ಕೂಡ್ಲಿ. ಕೂಡಿದ್ಮೇಲೆ ಕಾಲು ಯಾರು ನೋಡ್ತಾರೆ?”

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರಲ್ಲ, ಅಪ್ಪನಿಗೆ ಆ ಗಾದೆಯೂ ಬೇಕಿರಲಿಲ್ಲ. “ನಾವೇನು ಸುಳ್ಳು ಹೇಳ್ತಿಲ್ಲ. ಸುಮ್ಕಿರ್ತೀವಿ, ಅಷ್ಟೆಯ” ಎಂದರು. ಅವತ್ತು ಸಂಜೆ ಅಪ್ಪ ಪೂಜೆ ಮುಗಿಸಿ ಎದ್ದು ನನ್ನನ್ನು ಕರೆದು, “ನಿನ್ನ ಕೊರಳ ಲಿಂಗ ಮುಟ್ಕಂಡು ಹೇಳು ಮಗ. ನಾನು ಹೇಳೋಗಂಟ ನಿನ್ನ ಬಾಯಲ್ಲಿ ಕಾಲಿನ ಸುದ್ದಿ ಬರಕೂಡದು” ಎಂದರು. ನಾನು ಲಿಂಗದ ಕರಡಿಗೆಯನ್ನು ಮುಟ್ಟಿ ಆಣೆ ಮಾಡಿದೆ. ಆಗ ಅದು ದೊಡ್ಡದೆನಿಸಲಿಲ್ಲ. ಆ ಮನುಷ್ಯ ಯಾರೋ ಏನೋ, ನನಗೆ ಏನಾಗಬೇಕು ಎಂದುಕೊಂಡೆ.

ಫೋನಿನಲ್ಲಿ ಮಾತಾಡಿಕೊಳ್ಳಲಿ ಎಂದು ಎರಡೂ ಮನೆಯವರು ಒಪ್ಪಿದ್ದರು. ಈಗಿನ ಕಾಲ ಅಷ್ಟರಮಟ್ಟಿಗೆ ಮುಂದುವರಿದಿದೆ. ಮಧ್ಯಾಹ್ನ ಮಿಲ್ಲಿನ ಬೆಲ್ಟು ನಿಂತ ಹೊತ್ತಿನಲ್ಲಿ ಅವರು ಫೋನ್ ಮಾಡುತ್ತಿದ್ದರು. ಚಿತ್ರ ಬರೆಯಿರಿ ಎಂದರೆ ತಮ್ಮ ಶಾಲೆಯ ಮಕ್ಕಳೆಲ್ಲ ಎರಡು ಗುಡ್ಡ, ನಡುವೆ ಸೂರ್ಯ ಬರೆಯುತ್ತಾರೆ ಎಂದು ಬೇಜಾರು ಮಾಡಿಕೊಂಡರು. “ಕಿಟಕಿಯಾಚೆ ನಿಜವಾದ ಗುಡ್ಡ ಇದೆ ಕಣ್ರೀ. ಅದನ್ನ ಒಬ್ಬನೂ ತಲೆ ಎತ್ತಿ ನೋಡಲ್ಲ.” ನಾನು ಹಿಟ್ಟಿನ ಸುದ್ದಿ ಹೇಳುತ್ತಿದ್ದೆ. ರಾಗಿ ಬೀಸಿದ ಕಲ್ಲಿನಲ್ಲಿ ತೊಳೆಯದೆ ಅಕ್ಕಿ ಬೀಸಿದರೆ ಯಾರು ಜಗಳಕ್ಕೆ ಬರುತ್ತಾರೆ, ಯಾರು ಮುಖ ಸಿಂಡರಿಸಿ ಸುಮ್ಮನೆ ತೆಗೆದುಕೊಂಡು ಹೋಗುತ್ತಾರೆ ಎಂದೆಲ್ಲ. ಅವರು ಅದನ್ನು ಕತೆ ಕೇಳಿದ ಹಾಗೆ ಕೇಳುತ್ತಿದ್ದರು. ನನ್ನ ಮಾತನ್ನು ಹಾಗೆ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಇಪ್ಪತ್ತು ದಿನದಲ್ಲಿ ನನಗೆ ಆ ಮನುಷ್ಯ ಬೇಕೇ ಬೇಕು ಅನ್ನಿಸಿಬಿಟ್ಟಿತು. ಇದನ್ನು ಬರೆಯಲು ನಾಚಿಕೆಯೇನಿಲ್ಲ. ಮೂರು ಸಲ ‘ನಿಮಗೊಂದು ವಿಷಯ ಹೇಳಬೇಕು’ ಎಂದು ಶುರು ಮಾಡಿ, ಕೈ ತಾನೇ ಕೊರಳಿಗೆ ಹೋಗಿ, ಮಾತನ್ನು ಬೇರೆ ಕಡೆ ತಿರುಗಿಸಿದೆ.

ಬೆಂಗಳೂರಿನ ದೊಡ್ಡದೊಂದು ಕಲಾ ಮ್ಯೂಸಿಯಂನ ಮಾತು ಬಂದದ್ದು ಹೀಗೆಯೇ. “ಚಿತ್ರಗಳಿರಲಿ, ಕಟ್ಟಡಾನೇ ನೋಡ್ಬೇಕು ನೀವು” ಎಂದರು. “ಎಲ್ಲಕ್ಕಿಂತ ಮೇಲೆ ಒಂದು ರೂಮಿದೆ. ಅದರಲ್ಲಿ ಏನೂ ಇಟ್ಟಿಲ್ಲ. ಸೂರಲ್ಲಿ ಒಂದು ಕಿಂಡಿ. ಅಲ್ಲಿಂದ ಬಿಸಿಲು ಬಿದ್ದು ಗೋಡೆ ಮೇಲೆ ಮೆಲ್ಲಗೆ ಸರೀತಾ ಹೋಗುತ್ತೆ. ಅದನ್ನ ನೋಡ್ತಾ ಕೂತ್ಕೊಳ್ಳೋದು.”

“ಟಿಕೆಟ್ ತಗೊಂಡು ಖಾಲಿ ರೂಮು ನೋಡ್ತೀರಾ?”

ಅವರು ನಕ್ಕರು. “ನಿಮ್ಮನೇಲಿ ಜಮಖಾನದ ಮೇಲೆ ಕೂತು ನಿಮ್ಮನ್ನ ನೋಡೋಕೆ ನಂಗಿಷ್ಟ ಇಲ್ಲ. ಅಲ್ಲಿಗೆ ಬನ್ನಿ, ಎರಡೂ ಮನೆಯವರು. ಆ ರೂಮಲ್ಲಿ ನಿಮ್ಮ ಜೊತೆ ಹತ್ತು ನಿಮಿಷ ಕೂರ್ಬೇಕು ಅಂತ ಆಸೆ.”

ಸುದ್ದಿ ತಿಳಿಸಿದಾಗ ಅಪ್ಪ ಸಿಟ್ಟಾದರು. ಹೆಣ್ಣು ನೋಡುವ ಶಾಸ್ತ್ರಕ್ಕೆ ಮನೆಯಿಲ್ಲವೇ, ಮಠವಿಲ್ಲವೇ, ಬೊಂಬೆ ಇಡುವ ಜಾಗಕ್ಕೆ ಹೋಗಬೇಕೇ ಎಂದರು. ಅವರ ಸಿಟ್ಟನ್ನು ಇಳಿಸಿದ್ದು ಅವ್ವ. ಅವಲಕ್ಕಿ ಆರಿಸುತ್ತ ಕೂತಿದ್ದವಳು ತಲೆಯೆತ್ತದೆ, “ಅಲ್ಲಿ ಚಪ್ಲಿ ಬುಡಂಗಿಲ್ವಲ್ಲ” ಎಂದಳು. ಅಪ್ಪ ಬಾಗಿಲ ಬಳಿಯಿದ್ದ ನನ್ನ ಚಪ್ಪಲಿ ನೋಡಿ, “ಹೂ ಕಣೆ” ಎಂದರು. ಅಲ್ಲಿಂದಾಚೆ ಮ್ಯೂಸಿಯಂನಂಥ ಜಾಗ ಭೂಮಿಯ ಮೇಲೆ ಇನ್ನೊಂದಿರಲಿಲ್ಲ.

ಅಪ್ಪ ಯಾವುದನ್ನೂ ಅಳತೆ ಮಾಡದೆ ಒಪ್ಪುವವರಲ್ಲ. ಮೊದಲು ತಾವೊಬ್ಬರೇ ಹೋಗಿ ಜಾಗ ನೋಡಿಕೊಂಡು ಬರುತ್ತೇನೆಂದರು. ಅದಕ್ಕೆ ಅವರು ಆರಿಸಿಕೊಂಡದ್ದು ಸೋಮವಾರ. ಶಿವನ ವಾರ, ಒಳ್ಳೆಯ ಕೆಲಸಕ್ಕೆ ಹೊರಡಲು ಅದಕ್ಕಿಂತ ದಿನ ಬೇಕೆ? ಮ್ಯೂಸಿಯಂಗೂ ಸೋಮವಾರವೇ ರಜ ಎಂಬುದು ಕುದೂರಿನಲ್ಲಿ ಯಾರಿಗೆ ಗೊತ್ತಿರಬೇಕು? ಬಾಗಿಲು ಹಾಕಿತ್ತು. ಕಾವಲಿನವನು ‘ದೂರದಿಂದ ಬಂದಿದ್ದೀರಿ, ಗಾಜಿನಲ್ಲಿ ನೋಡ್ಕೊಂಡು ಹೋಗಿ’ ಎಂದನಂತೆ. ಅಪ್ಪ ಗಾಜಿಗೆ ಮುಖವಿಟ್ಟು ಮುಂದಿನ ಹಜಾರವನ್ನು ನೋಡಿಕೊಂಡು ಬಂದರು.

“ನೆಲ ಅಂದ್ರೆ ನೆಲ” ಎಂದರು ಮನೆಗೆ ಬಂದು. “ರಾಗಿ ಚೆಲ್ಲಿದ್ರೆ ಒಂದು ಕಾಳೂ ಉರುಳಕ್ಕಿಲ್ಲ, ಅಷ್ಟು ಸಮ. ಗೇಟಿಂದ ಬಾಗ್ಲಿಗೆ ಐವತ್ತೆಜ್ಜೆ. ಒಳಿಕ್ಕೆ ಹೋಗ್ತಿದ್ದಂಗೆ ಬಲಕ್ಕೆ ಬೆಂಚು. ನಾವು ಅರ್ಧ ಗಂಟೆ ಮುಂಚೆ ಹೋಗಿ ಅಲ್ಲಿ ಕೂತ್ಬುಡಾದು. ಅವ್ರು ಬಂದಾಗ ಇವಳು ಕೂತಿರ್ತಾಳೆ. ಮಾತುಕತೆ ಅಲ್ಲೇ ಮುಗೀತದೆ.”

“ಮೆಟ್ಲು ಎಷ್ಟವೆ?” ಅವ್ವ ಕೇಳಿದಳು.

“ಒಂದೂ ಇಲ್ಲ.”

“ಮೇಲ್ಗಡೆ?”

“ಮೇಲ್ಗಡೆ ಆಫೀಸಿರ್ತದೆ.”

ಮೇಲೆ ಏನಿದೆಯೆಂದು ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅಪ್ಪ ಹೋಗುವುದೇ ಬೇಡ ಎನ್ನುತ್ತಿದ್ದರು, ನನಗೆ ಹೋಗಬೇಕಿತ್ತು. ಆದದ್ದಕ್ಕೆಲ್ಲ ಅಪ್ಪನನ್ನೇ ಹೊಣೆ ಮಾಡುವ ಹಾಗಿಲ್ಲ ಎಂದು ಇಲ್ಲೇ ಬರೆದುಬಿಡುತ್ತೇನೆ.

ಭಾನುವಾರ ಬಾಡಿಗೆ ಕಾರಿನಲ್ಲಿ ಹೊರಟೆವು. ಮಾಗಡಿ ರೋಡಿನಲ್ಲಿ ಸಿಕ್ಕಿಕೊಂಡು, ಅರ್ಧ ಗಂಟೆ ಮುಂಚೆ ತಲುಪಬೇಕಾದವರು ಇಪ್ಪತ್ತು ನಿಮಿಷ ತಡವಾಗಿ ಇಳಿದೆವು. ‘ನಾವು ಒಳಗಿದ್ದೀವಿ, ಟಿಕೆಟ್ ತಗೊಳ್ತಿದ್ದೀವಿ’ ಎಂದು ಅವರ ಮೆಸೇಜು ಬಂದಿತ್ತು. ಅಪ್ಪನ ಲೆಕ್ಕ ಗೇಟಿನಲ್ಲೇ ತಪ್ಪಿತು.

ಕಟ್ಟಡ ನೋಡಿ ಅವ್ವ ನಿಂತುಬಿಟ್ಟಳು. ಕಿಟಕಿಯೇ ಇಲ್ಲದ ದೊಡ್ಡ ದೊಡ್ಡ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಸೊಟ್ಟಗೆ ಪೇರಿಸಿದ ಹಾಗಿತ್ತು. ಗೋಡೆಗೆ ಗಾರೆಯಿಲ್ಲ, ಬಣ್ಣವಿಲ್ಲ. ಸೆಂಟ್ರಿಂಗ್ ಹಲಗೆಯ ಗೆರೆಗಳು ಕಾಂಕ್ರೀಟಿನ ಮೇಲೆ ಹಾಗೇ ಉಳಿದಿದ್ದವು. “ದುಡ್ಡು ಸಾಲ್ದೆ ಅರ್ಧಕ್ಕೆ ಬುಟ್ಟವ್ರೆ ಅನ್ಸುತ್ತೆ” ಎಂದಳು. ಗೇಟಿನಿಂದ ಬಾಗಿಲವರೆಗೆ ಅಂಗಳವೇ ಅಂಗಳ, ಅದಕ್ಕೆ ಒರಟು ಕಲ್ಲು ಹಾಸಿದ್ದರು. ಅಪ್ಪನಿಗೆ ಐವತ್ತು ಹೆಜ್ಜೆಯಾದದ್ದು ನನಗೆ ನೂರರ ಹತ್ತಿರ ಬಂತು. ಅಟ್ಟೆಯ ಚಪ್ಪಲಿ ಕಲ್ಲಿನ ಸಂದಿಗೆ ಸಿಕ್ಕಿ ಕಾಲು ಇನ್ನಷ್ಟು ಎಳೆಯಿತು. ರೇಷ್ಮೆ ಸೀರೆ ಬೇರೆ. ಅಷ್ಟು ದೊಡ್ಡ ಬಯಲಿನಲ್ಲಿ ನನ್ನ ಕುಂಟು ಇಡೀ ಬೆಂಗಳೂರಿಗೆ ಕಾಣುತ್ತಿದೆ ಅನ್ನಿಸಿತು. ಪುಣ್ಯಕ್ಕೆ ಅವರಿಬ್ಬರೂ ಒಳಗೆ ಕೌಂಟರಿನ ಕಡೆ ತಿರುಗಿ ನಿಂತಿದ್ದರು.

ನನ್ನನ್ನು ನೋಡಿದವಳು ಬಾಗಿಲಿನಲ್ಲಿದ್ದ ಸೆಕ್ಯೂರಿಟಿ ಹೆಂಗಸು. ನನ್ನ ವಯಸ್ಸಿನವಳೇ ಇರಬೇಕು. ನಾನು ಅಂಗಳ ದಾಟುವಷ್ಟರಲ್ಲಿ ಒಳಗಿನಿಂದ ಒಂದು ವೀಲ್‌ಚೇರು ತಳ್ಳಿಕೊಂಡು ಬಂದು ಬಾಗಿಲಲ್ಲೇ ನಿಲ್ಲಿಸಿದಳು. “ಮೇಡಂ, ಒಳಗೆ ತುಂಬಾ ನಡೀಬೇಕು, ಕೂತ್ಕೊಳ್ಳಿ” ಎಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಅವಳ ದನಿಗೆ ಕೌಂಟರಿನ ಬಳಿಯಿದ್ದ ಇಬ್ಬರೂ ತಿರುಗಿದರು.

ಆ ಗಳಿಗೆಯಲ್ಲಿ ನನ್ನ ಅಪ್ಪ, ಅರವತ್ತಮೂರನೇ ವಯಸ್ಸಿನಲ್ಲೂ ರಾಗಿಮೂಟೆಯನ್ನು ಒಬ್ಬರೇ ಬೆನ್ನಿಗೇರಿಸಿಕೊಳ್ಳುವವರು, ಪಂಚೆ ಎತ್ತಿ ಕಟ್ಟಿ, ನನ್ನನ್ನು ದಾಟಿ ಮುಂದೆ ಹೋಗಿ ಆ ಕುರ್ಚಿಯಲ್ಲಿ ಕೂತುಬಿಟ್ಟರು.

“ಸಾರ್, ಇದು ಮೇಡಂಗೆ…”

“ನಂಗೇ ಕಣವ್ವ. ನಾನೇ ಹೇಳ್ಕಳ್ಸಿದ್ದೆ. ಮಂಡಿ ಕೈ ಕೊಟ್ಬುಟ್ಟದೆ.”

ಆ ಹೆಂಗಸು ನನ್ನ ಮುಖ ನೋಡಿದಳು, ಚಪ್ಪಲಿ ನೋಡಿದಳು, ಕೌಂಟರಿನ ಕಡೆಯಿಂದ ಬರುತ್ತಿದ್ದ ತಾಯಿ ಮಗನನ್ನು ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು. ಹಿಂದಕ್ಕೆ ಸರಿದಳು. ನಾನು ಕುರ್ಚಿಯ ಹಿಂದೆ ಹೋಗಿ ಎರಡೂ ಹಿಡಿಗಳನ್ನು ಹಿಡಿದೆ. ಹಿಡಿದ ತಕ್ಷಣ ಅಪ್ಪನ ಉಪಾಯದ ಇನ್ನೊಂದು ಮುಖ ಗೊತ್ತಾಯಿತು. ಬಹುಶಃ ಅಪ್ಪನಿಗೇ ಗೊತ್ತಿರಲಿಲ್ಲ. ಹಿಡಿಯ ಮೇಲೆ ಭಾರ ಬಿಟ್ಟು ತಳ್ಳುತ್ತ ನಡೆದರೆ ನನ್ನ ಕುಂಟು ಮಾಯವಾಗುತ್ತಿತ್ತು. ಹುಟ್ಟಿದ ಮೇಲೆ ಮೊದಲ ಸಲ ನಾನು ಎಲ್ಲರ ಹಾಗೆ ನಡೆದೆ.

ಮೇಷ್ಟ್ರು ಫೋನಿನಲ್ಲಿ ಇದ್ದ ಹಾಗೆಯೇ ಇದ್ದರು. ಸಣಕಲು ಆಳು, ಕಿವಿಯ ಹತ್ತಿರ ಕೂದಲು ನೆರೆತಿತ್ತು. ನನ್ನನ್ನು ನೋಡಿ ಅವರಿಗೆ ಸಂತೋಷವಾಯಿತು. ಅದನ್ನು ಮುಚ್ಚಿಡಲೂ ಇಲ್ಲ. “ಅಂಕಲ್‌ಗೆ ಹಿಂಗಿದೆ ಅಂತ ಹೇಳಲೇ ಇಲ್ಲವಲ್ಲ ನೀವು” ಎಂದರು. ಅದರಲ್ಲಿ ದೂರಿರಲಿಲ್ಲ. ನಾನು ಬಾಯಿಗೆ ಬಂದದ್ದನ್ನು ಅಂದೆ. “ಹೇಳೋ ಅಂಥದ್ದೇನಿದೆ ಅದರಲ್ಲಿ.”

ಅವರ ತಾಯಿ ಅವ್ವನಿಗೆ ಕೈ ಮುಗಿದು, ನೆಟ್ಟಗೆ ಅಪ್ಪನ ಮುಂದೆ ಬಂದು ಕುಕ್ಕರುಗಾಲಿನಲ್ಲಿ ಕೂತರು. ಗಾಳಿಯಲ್ಲಿದ್ದ ಅಪ್ಪನ ಪಾದಗಳನ್ನು ಒಂದೊಂದಾಗಿ ಎತ್ತಿ ಕುರ್ಚಿಯ ಕಾಲಿಡುವ ಪಟ್ಟಿಯ ಮೇಲಿಟ್ಟರು. ಅಪ್ಪನಿಗೆ ಮೈಯೆಲ್ಲ ಮುಳ್ಳಾದಂತಾಯಿತು. ಹೆಂಗಸಿನ ಕೈಲಿ ಕಾಲು ಮುಟ್ಟಿಸಿಕೊಂಡವರಲ್ಲ ಅವರು.

“ಇದ್ರ ಮೇಲಿಕ್ಕಿ ಯಜಮಾನ್ರೇ. ನೇತಾಡಿದ್ರೆ ಗಾಲಿಗೆ ಸಿಕ್ಕಾಕ್ಕಂತವೆ. ನಮ್ಮನೆಯವ್ರಿಗೆ ಒಂದ್ ದಪ ಹಂಗೇ ಆಗಿತ್ತು” ಎಂದರು. ಆಮೇಲೆ, “ಎಷ್ಟು ದಿನ ಆಯ್ತು?” ಎಂದು ಕೇಳಿದರು.

ಅಪ್ಪ ತೂಕದಲ್ಲಿ ಯಾರಿಗೂ ಕಡಿಮೆ ಕೊಟ್ಟವರಲ್ಲ. ಸುಳ್ಳನ್ನೂ ಧಾರಾಳವಾಗಿಯೇ ಅಳೆದರು. “ಮೂರು ವರ್ಷ ಆಯ್ತು ಕಣಮ್ಮ.”

ಬೆಂಚಿನ ಯೋಜನೆ ಅಲ್ಲಿಗೆ ಮುಗಿಯಿತು. ಕುರ್ಚಿಯಿದ್ದ ಮೇಲೆ ಬೆಂಚೇಕೆ? ಎಲ್ಲರೂ ಮೇಲೆ ಹೊರಟೆವು. ಕಟ್ಟಡದ ನಡುವೆ ನಾಲ್ಕು ಅಂತಸ್ತಿನಷ್ಟು ಎತ್ತರದ ಖಾಲಿ ಜಾಗ, ಅದರ ಸುತ್ತ ಗೋಡೆಗೆ ಅಂಟಿಕೊಂಡು ಏರುತ್ತ ಹೋಗುವ ಇಳಿಜಾರು ದಾರಿ. ಮೆಟ್ಟಿಲೇ ಇರಲಿಲ್ಲ. ಅಷ್ಟರಮಟ್ಟಿಗೆ ಅಪ್ಪ ಹೇಳಿದ್ದು ಸುಳ್ಳಾಗಲಿಲ್ಲ. ಮೇಲಿನಿಂದ ಬೆಳಕು ಇಳಿದು, ಹಲಗೆ ಗೆರೆಯ ಗೋಡೆಗಳು ಬೆಳಗಿನ ಮಿಲ್ಲಿನ ಹಾಗೆ ಮಾಸಲು ಬಿಳಿಯಾಗಿ ಕಾಣುತ್ತಿದ್ದವು. ನೆಲದ ಮೇಲೆ ಗಾಲಿ ಸದ್ದಿಲ್ಲದೆ ಉರುಳಿತು.

ಆ ಒಂದು ಗಂಟೆ ನಾನು ಸುಖವಾಗಿದ್ದೆ. ಸುಖವಾಗಿದ್ದೆ ಎಂಬುದೇ ಈಗ ಹೊಟ್ಟೆ ಉರಿಸುತ್ತದೆ. ಮೇಷ್ಟ್ರು ಪಕ್ಕದಲ್ಲಿ ನಡೆಯುತ್ತ ಒಂದೊಂದು ಚಿತ್ರದ ಮುಂದೆಯೂ ‘ಏನು ಕಾಣುತ್ತೆ?’ ಎಂದು ಕೇಳುತ್ತಿದ್ದರು. ಮೂರಾಳು ಅಗಲದ ಒಂದು ಚಿತ್ರದಲ್ಲಿ ಬೂದಿ ಬಣ್ಣ ಬಿಟ್ಟರೆ ಏನೂ ಇರಲಿಲ್ಲ. “ನಮ್ಮ ಮಿಲ್ಲಿನ ಹಿಂದಿನ ಗೋಡೆ. ಮೂರು ತಿಂಗಳಿಂದ ಧೂಳು ಹೊಡೆದಿಲ್ಲ” ಎಂದೆ. ಅವರು ಜೋರಾಗಿ ನಕ್ಕರು. ಆಮೇಲೆ ಆ ಚಿತ್ರದ ಮುಂದೆ ಬಹಳ ಹೊತ್ತು ನಿಂತು, “ಹೌದಲ್ರೀ. ಇನ್ಮೇಲೆ ನಂಗೆ ಬೇರೆ ಏನೂ ಕಾಣಲ್ಲ ಇದರಲ್ಲಿ” ಎಂದರು. ಹಿಂದೆ ಇಬ್ಬರು ತಾಯಂದಿರು ಬರುತ್ತಿದ್ದರು. ಚಿತ್ರಗಳನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ. ಅವ್ವ ನನ್ನ ಕಾಲನ್ನೇ ನೋಡುತ್ತಿದ್ದಳು, ಅವರ ತಾಯಿ ನನ್ನ ಅಪ್ಪನನ್ನೇ ನೋಡುತ್ತಿದ್ದರು.

ಮೂರನೇ ಸುತ್ತಿನಲ್ಲಿ ದಾರಿ ಕಡಿದಾಯಿತು. ಅಪ್ಪನ ಭಾರ ಎದೆಗೆ ಬಂತು. ಮೇಷ್ಟ್ರು ಒಂದು ಹಿಡಿಯ ಮೇಲೆ, ನನ್ನ ಕೈಯ ಪಕ್ಕದಲ್ಲಿ, ತಮ್ಮ ಕೈ ಇಟ್ಟರು.

“ಬಿಡಿ, ಇಲ್ಲಿಂದ ನಾನು ತಳ್ತೀನಿ.”

ಬಿಟ್ಟರೆ ನನಗೆ ಆಧಾರವಿಲ್ಲ. ಅಲ್ಲೇ, ಆ ಏರಿನಲ್ಲೇ, ಕುಂಟು ಕಾಣುತ್ತದೆ. “ಬೇಡ” ಎಂದೆ. “ನಂಗೆ ಅಭ್ಯಾಸ ಇದೆ. ದಿನಾ ನಾನೇ ತಳ್ಳೋದು.”

ಹಿಂದೆ ಅವರ ತಾಯಿ ಕೇಳಿಸಿಕೊಂಡರು ಎಂದು ನನಗೆ ಗೊತ್ತಾಯಿತು. ಒಳ್ಳೆಯದೇ ಆಯಿತು, ಅಪ್ಪನನ್ನು ಚೆನ್ನಾಗಿ ನೋಡಿಕೊಳ್ಳುವ ಹುಡುಗಿ ಎಂದುಕೊಳ್ಳಲಿ ಎಂದೇ ನಾನು ಎಣಿಸಿದೆ. ಅಷ್ಟು ಬುದ್ಧಿವಂತೆ ನಾನು.

ದಾರಿ ಮುಗಿದಲ್ಲಿ ಒಂದು ಸಣ್ಣ ಜಗಲಿ. ಅಲ್ಲಿಂದ ಮೇಲಕ್ಕೆ, ಎರಡು ಗೋಡೆಗಳ ನಡುವೆ ಇಕ್ಕಟ್ಟಾಗಿ ಹದಿನಾಲ್ಕು ಮೆಟ್ಟಿಲು. ಎಣಿಸುವುದು ನನಗೆ ಚಿಕ್ಕಂದಿನಿಂದ ಬಂದ ಚಾಳಿ. ಕೈಯಾಸರೆಗೆ ಕಂಬಿಯಿರಲಿಲ್ಲ. ಕೊನೆಯ ಮೆಟ್ಟಿಲಿನ ಮೇಲೆ ಬಿಸಿಲು ಬಿದ್ದಿತ್ತು.

“ಇದೇ ಆ ರೂಮು” ಎಂದರು ಮೇಷ್ಟ್ರು. “ಅಂಕಲ್, ನೀವು ಅಮ್ಮನೋರ ಜೊತೆ ಇಲ್ಲೇ ಇರಿ. ನಾವಿಬ್ಬರೂ ಹತ್ತೇ ನಿಮಿಷಕ್ಕೆ ಬಂದ್ಬಿಡ್ತೀವಿ.”

ಅವರ ತಾಯಿ ಬಗ್ಗಿ ಕುರ್ಚಿಯ ಬ್ರೇಕು ಹಾಕಿದರು. ಅಪ್ಪ ನನ್ನ ಮುಖ ನೋಡಿದರು. ಅವರು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳು ಮಗ ಎಂದಿದ್ದರೆ, ಅಲ್ಲೇ ಹೇಳಿ, ಮೇಷ್ಟ್ರ ಕೈ ಹಿಡಿದುಕೊಂಡೋ ಗೋಡೆ ಹಿಡಿದುಕೊಂಡೋ ಹತ್ತುತ್ತಿದ್ದೆ. ಮೆಟ್ಟಿಲು ಹತ್ತಲು ಬಾರದವಳೇನಲ್ಲ ನಾನು. ಒಂದೊಂದಕ್ಕೂ ಎರಡೂ ಕಾಲಿಟ್ಟು ಹತ್ತಬೇಕು, ಅಷ್ಟೆ. ಅಪ್ಪ ಮುಖ ತಿರುಗಿಸಿದರು. ಅವರ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ.

“ನೀವು ಹೋಗಿ ಬನ್ನಿ” ಎಂದೆ. “ಅಪ್ಪನ್ನ ಬಿಟ್ಟು ಬರೋಕಾಗಲ್ಲ.”

“ಹತ್ತೇ ನಿಮಿಷ ಕಣ್ರೀ. ಇಬ್ಬರು ಅಮ್ಮಂದಿರು ಇದ್ದಾರಲ್ಲ.”

“ಇಲ್ಲ. ಒಂದು ನಿಮಿಷಾನೂ ಬಿಡೋಕಾಗಲ್ಲ.”

ಅವರ ಮುಖ ಸಪ್ಪಗಾಯಿತು. ನಾಲ್ಕು ಮೆಟ್ಟಿಲು ಹತ್ತಿ, ಹಿಂದೆ ತಿರುಗಿ ನೋಡಿ, ಒಬ್ಬರೇ ಹೋಗಲು ಮನಸ್ಸಾಗದೆ ಇಳಿದು ಬಂದರು. “ಇರಲಿ, ಇನ್ನೊಂದ್ಸಲ” ಎಂದರು. ಎಲ್ಲರೂ ಲಿಫ್ಟಿನಲ್ಲಿ ಕೆಳಗಿಳಿದೆವು. ಕ್ಯಾಂಟೀನಿನಲ್ಲಿ ಕಾಫಿ ಕುಡಿದೆವು. ಅವರ ತಾಯಿ ನನ್ನ ಹಣೆಗೆ ಕುಂಕುಮವಿಟ್ಟು, ಚೀಲದಿಂದ ಹೂವು ತೆಗೆದು ಕೈಗೆ ಕೊಟ್ಟರು. ಅವರ ಕಣ್ಣಲ್ಲಿ ನೀರಿತ್ತು. ಅದನ್ನು ನಾನು ಒಪ್ಪಿಗೆಯ ನೀರು ಎಂದುಕೊಂಡೆ.

ಹೊರಡುವಾಗ ಅಪ್ಪನನ್ನು ಕಾರಿಗೆ ಹತ್ತಿಸಬೇಕಲ್ಲ. ಡ್ರೈವರ್ ನಮ್ಮೂರಿನವನೇ, ಬೆಳಿಗ್ಗೆ ಟಣ್ಣನೆ ಇಳಿದುಹೋದ ಯಜಮಾನರು ಗಾಲಿಯ ಮೇಲೆ ಬರುತ್ತಿರುವುದನ್ನು ನೋಡಿ ಬಾಯಿ ತೆರೆದ. ಅವ್ವ ಒಂದೇ ನೋಟದಲ್ಲಿ ಅವನ ಬಾಯಿ ಮುಚ್ಚಿಸಿದಳು. ಮೇಷ್ಟ್ರು ಯಾರನ್ನೂ ಕಾಯಲಿಲ್ಲ. ಅಪ್ಪನ ಕಂಕುಳಿಗೆ ಕೈ ಕೊಟ್ಟು, ತಮ್ಮ ಮಂಡಿಯನ್ನು ಅವರ ಮಂಡಿಗೆ ಆನಿಸಿ, ಒಂದೇ ಸಲಕ್ಕೆ ಎತ್ತಿ ಸೀಟಿನಲ್ಲಿ ಕೂರಿಸಿದರು. ಕಾಲುಗಳನ್ನು ಎರಡೂ ಕೈಯಿಂದ ಒಳಗಿಟ್ಟು, ಪಂಚೆ ಸರಿ ಮಾಡಿದರು. “ನಮ್ಮಪ್ಪಂಗೆ ಮಾಡಿ ಅಭ್ಯಾಸ ಅಂಕಲ್, ಸಂಕೋಚ ಮಾಡ್ಕೋಬೇಡಿ” ಎಂದರು. ಅಪ್ಪ ಮೈ ಸಡಿಲ ಬಿಟ್ಟು ಎತ್ತಿಸಿಕೊಂಡರು. ಕಾರು ಮಾಗಡಿ ದಾಟುವಾಗ ಮಂಡಿಯ ಮೇಲಿನ ಪಂಚೆ ಸವರಿಕೊಂಡರು. ಆಮೇಲೆ, “ಬಂಗಾರದಂಥ ಹುಡುಗ” ಎಂದರು.

ನಾಲ್ಕನೇ ದಿನ ಅಯ್ನೋರು ಬಂದರು. ಫೋನಿನಲ್ಲಿ ಹೇಳಬಹುದಾಗಿತ್ತು, ಬಂದರು ಎಂದರೆ ಸುದ್ದಿ ಒಳ್ಳೆಯದಲ್ಲ ಎಂದು ಅವ್ವನಿಗೆ ಗೊತ್ತಾಗಿ, ಕಾಫಿಗೆ ಇಡುವ ಮುಂಚೆಯೇ ಕೂತುಬಿಟ್ಟಳು.

“ಹುಡುಗಿ ಬೋ ಇಡಿಸವ್ಳೆ ಅವ್ರಿಗೆ. ತಾಯಿಗೂ ಇಡಿಸವ್ಳೆ” ಎಂದರು ಅಯ್ನೋರು. “ಕಾಲಿನ ಸುದ್ದಿ ಒಂಚೂರೂ ಬರ್ನಿಲ್ಲ.”

“ಮತ್ತೆ?” ಎಂದರು ಅಪ್ಪ.

ಅಯ್ನೋರು ಅಪ್ಪನ ಕಾಲುಗಳನ್ನು ನೋಡಿದರು. “ಆಯಮ್ಮ ಹೇಳಿದ್ದು ಹಂಗೇ ಹೇಳ್ತೀನಿ, ಬೇಜಾರು ಮಾಡ್ಕಬ್ಯಾಡ. ‘ಎಂಟು ವರ್ಷ ನಾನು, ನನ್ನ ಮಗ ಒಬ್ರನ್ನ ಎತ್ತಿ ಕೂರ್ಸಿ, ಎತ್ತಿ ಮಲಗ್ಸಿ ಸಾಕಾಗೈತೆ. ಅವ್ನ ವಯಸೆಲ್ಲ ಅದ್ರಲ್ಲೇ ಹೋಯ್ತು. ಆ ಹುಡ್ಗಿಗೆ ಅಪ್ಪನೇ ದೇವ್ರು, ಒಂದು ನಿಮಿಷ ಬುಟ್ಟಿರಕ್ಕಿಲ್ಲ ಅಂತ ಅದೇ ಹೇಳ್ತು. ಒಬ್ಳೇ ಮಗಳು. ನಾಳೆ ಆ ಕುರ್ಚಿ ನಮ್ಮನೇಗೇ ಬತ್ತದೆ. ನನ್ ಮಗ ಬ್ಯಾಡ ಅನ್ನಕ್ಕಿಲ್ಲ, ಅದ್ಕೇ ನಾನೇ ಬ್ಯಾಡ ಅಂತೀನಿ.’ ಇಷ್ಟೇ ಕಣಪ್ಪ ಅವ್ರು ಅಂದಿದ್ದು.”

ಅಪ್ಪ ಎದ್ದು ನಿಂತರು. “ನಂಗೇನಾಗಿದ್ದದು? ನಾನು ಕೋಡಳ್ಳಿಗೆ ಹೋಗಿ, ಅವ್ರ ಮನೆ ಮುಂದೆ ನಡ್ಕಂಡು ತೋರಿಸ್ಬತ್ತೀನಿ. ಬೇಕಾದ್ರೆ ಅವ್ರ ಅಟ್ಟಕ್ಕೆ ಮೂಟೆ ಹೊತ್ತಾಕ್ತೀನಿ.”

“ಹೋಗಿ” ಎಂದಳು ಅವ್ವ. “ನಿಮ್ ಕಾಲು ನೆಟ್ಟಗಿದ್ರೆ ಆ ಕುರ್ಚಿ ಯಾರಿಗೆ ತಂದಿದ್ದು ಅಂತ ಕೇಳ್ತಾರೆ. ಏನು ಹೇಳ್ತೀರಿ?”

ಅಪ್ಪ ಗೂಟದಿಂದ ತೆಗೆದ ಅಂಗಿಯನ್ನು ಮತ್ತೆ ಅಲ್ಲೇ ನೇತುಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, “ನೀನೇ ಹೇಳ್ಬುಡು ಮಗ. ಆಣೆ ನಾನು ವಾಪಸ್ ತಗಂಡೆ” ಎಂದರು. ಜೀವಮಾನದಲ್ಲಿ ಅಪ್ಪ ಹಾಗೆ ಸೋತು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಏನೆಂದು ಹೇಳುವುದು? ಕಾಲಿನ ವಿಷಯವನ್ನು ಮೊದಲೇ ಹೇಳಿದ್ದರೆ ಅವರು ಒಪ್ಪುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಒಪ್ಪುತ್ತಿದ್ದರು ಎಂದು ಮನಸ್ಸು ಹೇಳುತ್ತದೆ, ಅದು ಹೇಳುವುದೇ ಹಾಗೆ. ಈಗ ಹೇಳಬೇಕಾಗಿದ್ದದ್ದು ಕಾಲಿನ ವಿಷಯ ಮಾತ್ರವಲ್ಲ. ನಿಮ್ಮ ತಾಯಿ ನೆಲದಲ್ಲಿ ಕೂತು ಎತ್ತಿಟ್ಟ ಆ ಪಾದ, ನೀವು ಕಂಕುಳಿಗೆ ಕೈ ಕೊಟ್ಟು ಎತ್ತಿದ ಆ ಮೈ, ಎಲ್ಲ ನಾಟಕ. ನಿಮ್ಮ ತಂದೆಯ ಎಂಟು ವರ್ಷದ ನರಳಾಟವನ್ನು ನಾವು ಒಂದು ಬೆಳಗಿನ ವೇಷಕ್ಕೆ ಬಳಸಿಕೊಂಡೆವು ಎಂದು ಹೇಳಬೇಕಾಗಿತ್ತು. ಮೂರು ಸಲ ನಂಬರು ತೆಗೆದು ಮೂರು ಸಲವೂ ಇಟ್ಟೆ. ಅವರು ನಮ್ಮನ್ನು ಒಳ್ಳೆಯವರು ಎಂದುಕೊಂಡೇ ಬೇಡ ಎಂದಿದ್ದರು. ಅಷ್ಟಾದರೂ ಉಳಿಯಲಿ ಎನಿಸಿತು.

ಹದಿನೈದು ದಿನ ಕಳೆದ ಮೇಲೆ ಅವರೇ ಫೋನ್ ಮಾಡಿದರು. ಮಧ್ಯಾಹ್ನ, ಬೆಲ್ಟು ನಿಂತ ಹೊತ್ತು. ಅಪ್ಪ ಹೊರಗೆ ಟೆಂಪೋದಿಂದ ಮೂಟೆಗಳನ್ನು ಬೆನ್ನ ಮೇಲೆ ಇಳಿಸಿಕೊಳ್ಳುತ್ತಿದ್ದರು.

“ಅಮ್ಮನ್ನ ಒಪ್ಪಿಸೋಕೆ ಆಗಲಿಲ್ಲ. ಅವಳನ್ನ ಬೈಯೋಕೂ ಆಗಲ್ಲ ನಂಗೆ” ಎಂದರು. “ಕ್ಷಮಿಸ್ಬಿಡಿ.”

“ಪರವಾಗಿಲ್ಲ” ಎಂದೆ.

“ಅಂಕಲ್ ಹೇಗಿದ್ದಾರೆ?”

ಅಪ್ಪ ಮೂಟೆ ಹೊತ್ತು ನನ್ನ ಮುಂದೆಯೇ ಹಾದು ಒಳಗೆ ಹೋದರು.

“ಹಾಗೇ ಇದ್ದಾರೆ” ಎಂದೆ.

“ರಾಮನಗರದಲ್ಲಿ ಒಬ್ಬರು ಡಾಕ್ಟ್ರಿದ್ದಾರೆ. ಮೂಳೆದು. ನಮ್ಮಪ್ಪಂಗೂ ಕೀಲು ಬಿಗಿದಾಗ ಅವರೇ ನೋಡ್ತಿದ್ದಿದ್ದು. ತುಂಬಾ ಒಳ್ಳೆಯವರು. ಅಡ್ರೆಸ್ ಕಳಿಸ್ಲಾ?”

“ಕಳಿಸಿ” ಎಂದೆ.

ಸ್ವಲ್ಪ ಹೊತ್ತಿಗೆ ಅಡ್ರೆಸ್ ಬಂತು. ಕೆಳಗೆ ಎರಡು ಸಾಲು ಬರೆದಿದ್ದರು. ‘ಕರ್ಕೊಂಡು ಹೋಗೋಕೆ ಯೋಚನೆ ಮಾಡಬೇಡಿ. ಅಲ್ಲಿ ಮೆಟ್ಟಿಲಿಲ್ಲ, ನೀವೊಬ್ಬರೇ ತಳ್ಕೊಂಡು ಹೋಗಬಹುದು.’